ಶೇ 74ಕ್ಕೆ ಬಾಗಿಲು ತೆರೆದರೂ ದುಡ್ಡು ಯಾಕೆ ಬರಲಿಲ್ಲ?

ಪ್ರಶ್ನೆ: ನಾನು ಮೂರು ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ) ಇಟ್ಟುಕೊಂಡು ಬೇರೆ ಕಂಪನಿಗಳಿಗೆ ಜಾಬ್ ವರ್ಕ್ ಮಾಡುವವನು. ರಕ್ಷಣಾ ಉದ್ಯಮದಲ್ಲಿ ವಿದೇಶಿ ಕಂಪನಿಗಳು ಶೇ 74ರವರೆಗೆ ಬಂಡವಾಳ ಹಾಕಬಹುದು ಎಂದು 2020ರಲ್ಲೇ ಸರ್ಕಾರ ಹೇಳಿತು. ಆದರೆ ದೊಡ್ಡ ಕಂಪನಿಗಳು ಬಂದು ಇಲ್ಲಿ ಸ್ವಂತ ಫ್ಯಾಕ್ಟರಿ ಹಾಕಿದ್ದು ಅಷ್ಟಾಗಿ ಕಾಣುತ್ತಿಲ್ಲ. ಯಾಕೆ? ನಾಳೆ ಬಂದರೂ, ನಮ್ಮ ಶಸ್ತ್ರಾಸ್ತ್ರದ ಕೀಲಿಕೈಯನ್ನು ಪರದೇಶದವರಿಗೆ ಕೊಟ್ಟಂತೆ ಆಗುವುದಿಲ್ಲವೇ? ನನ್ನಂಥ ಸಣ್ಣವರಿಗೆ ಇದರಿಂದ ಏನಾದರೂ ಸಿಗುತ್ತದೆಯೇ? ಐದು ಆಕ್ಸಿಸ್ ಮೆಷಿನ್‌ಗೆ ಸಾಲ ಮಾಡೋಣ ಎಂಬ ಯೋಚನೆಯಲ್ಲಿದ್ದೇನೆ.

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ದುಡ್ಡು ಬಂದಿರುವುದು ನಿಜವಾಗಿಯೂ ಕಡಿಮೆ. 2001ರಲ್ಲಿ ಬಾಗಿಲು ತೆರೆದಾಗಿನಿಂದ 2023ರವರೆಗೆ ರಕ್ಷಣಾ ವಲಯದ ಕಂಪನಿಗಳಿಗೆ ಬಂದ ವಿದೇಶಿ ನೇರ ಹೂಡಿಕೆ ಎಂದು ಸರ್ಕಾರವೇ ಕೊಟ್ಟ ಲೆಕ್ಕ ಸುಮಾರು 5,000 ಕೋಟಿ ರೂಪಾಯಿ. ಇಪ್ಪತ್ತೆರಡು ವರ್ಷದ ಒಟ್ಟು ಮೊತ್ತ ಇದು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ವಾಯುಪಡೆಗೆ 56 ಸಿ-295 ಸಾಗಣೆ ವಿಮಾನ ಕೊಳ್ಳಲು 2021ರ ಸೆಪ್ಟೆಂಬರ್‌ನಲ್ಲಿ ಆದ ಒಂದೇ ಒಂದು ಒಪ್ಪಂದದ ಬೆಲೆ 21,935 ಕೋಟಿ. ಅಂದರೆ ನಾವು ಒಂದು ಸಲ ಅಂಗಡಿಗೆ ಹೋಗಿ ಖರ್ಚು ಮಾಡಿದ ದುಡ್ಡಿನ ಕಾಲು ಭಾಗದಷ್ಟೂ ಎರಡು ದಶಕದಲ್ಲಿ ಹೂಡಿಕೆಯಾಗಿ ಬಂದಿಲ್ಲ.

ಯಾಕೆ ಅಂತ ಕೇಳಿದರೆ ಬಹಳ ಜನ "ಶೇ 26 ಇತ್ತು, ಆಮೇಲೆ 49 ಆಯ್ತು, ಈಗ 74 ಆಗಿದೆ, 100 ಮಾಡಿದರೆ ಬರುತ್ತಾರೆ" ಎನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಈ ಧಂದೆಯಲ್ಲಿ ಬಂಡವಾಳ ಹಾಕುವವನು ಮೊದಲು ಕೇಳುವುದು "ನನ್ನ ಪಾಲು ಎಷ್ಟು?" ಎಂದಲ್ಲ. "ಕೊಳ್ಳುವವರು ಯಾರು, ಎಷ್ಟು ಕೊಳ್ಳುತ್ತಾರೆ, ಎಷ್ಟು ವರ್ಷ ಕೊಳ್ಳುತ್ತಾರೆ?" ಎಂದು. ಅದಕ್ಕೆ ನಮ್ಮ ಕಡೆಯಿಂದ ಗಟ್ಟಿ ಉತ್ತರ ಹೋಗಿಲ್ಲ.

ಹಳೆಯ ಕಥೆ ಸ್ವಲ್ಪ ಹೇಳಿಬಿಡುತ್ತೇನೆ, ಬೇಗ ಮುಗಿಸುತ್ತೇನೆ. ತಮಾಷೆ ಏನೆಂದರೆ ನಮ್ಮ ವಿಮಾನ ಉದ್ಯಮ ಹುಟ್ಟಿದ್ದೇ ಖಾಸಗಿ ದುಡ್ಡು ಮತ್ತು ವಿದೇಶಿ ನೆರವಿನಿಂದ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಮೈಸೂರು ಸಂಸ್ಥಾನ ಪಾಲುದಾರ. ಯಂತ್ರ, ಪರಿಣತರನ್ನು ಹೊಂದಿಸಿಕೊಟ್ಟದ್ದು ವಿಲಿಯಂ ಪಾವ್ಲಿ ಎಂಬ ಅಮೆರಿಕದ ವ್ಯಾಪಾರಿ. 1941ರಲ್ಲೇ ಹಾರ್ಲೋ ಎಂಬ ತರಬೇತಿ ವಿಮಾನ ಅಲ್ಲಿಂದ ಹಾರಿತು. ಮರುವರ್ಷ ಯುದ್ಧದ ಕಾರಣಕ್ಕೆ ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು. ಅದೇ ಇಂದಿನ ಸರ್ಕಾರಿ ವಿಮಾನ ಕಂಪನಿ ಎಚ್‌ಎಎಲ್. 1956ರ ಕೈಗಾರಿಕಾ ನೀತಿ 17 ಉದ್ಯಮಗಳನ್ನು ಸರ್ಕಾರಕ್ಕೆ ಮೀಸಲಿಟ್ಟಿತು. ಆ ಪಟ್ಟಿಯ ಮೊದಲ ಹೆಸರೇ ಶಸ್ತ್ರಾಸ್ತ್ರ. 1991ರಲ್ಲಿ ಪಟ್ಟಿ ಎಂಟಕ್ಕೆ ಇಳಿಯಿತು. ಶಸ್ತ್ರಾಸ್ತ್ರ ಆಗಲೂ ಒಳಗೇ ಉಳಿಯಿತು. ಸಾಬೂನು, ಕಾರು, ಟಿವಿಗೆ ಉದಾರೀಕರಣ ಬಂದು ಹತ್ತು ವರ್ಷ ಆದ ಮೇಲೆ, 2001ರ ಮೇ ತಿಂಗಳಲ್ಲಿ, ಖಾಸಗಿಯವರಿಗೆ ಪೂರ್ತಿ ಮತ್ತು ವಿದೇಶಿಯರಿಗೆ ಶೇ 26 ಎಂದಾಯಿತು. 2014ರಲ್ಲಿ 49. 2016ರಲ್ಲಿ ಸರ್ಕಾರದ ಒಪ್ಪಿಗೆ ಪಡೆದು 100ರವರೆಗೂ ಹೋಗಬಹುದು ಎಂದರು. 2020ರ ಸೆಪ್ಟೆಂಬರ್‌ನಲ್ಲಿ, ಹೊಸ ಪರವಾನಗಿ ಕೇಳುವ ಕಂಪನಿಗಳಿಗೆ ಶೇ 74ರವರೆಗೆ ಹೂಡಿಕೆಗೆ ಪ್ರತ್ಯೇಕ ಅನುಮತಿ ಬೇಡ ಎಂದಾಯಿತು.

ಈಗ ಗಿರಾಕಿಯ ವಿಷಯಕ್ಕೆ ಬರೋಣ. ಸಾಬೂನು ಮಾಡುವವನಿಗೆ ಕೋಟಿಗಟ್ಟಲೆ ಗಿರಾಕಿಗಳು. ಫಿರಂಗಿ ಮಾಡುವವನಿಗೆ ಒಬ್ಬನೇ, ರಕ್ಷಣಾ ಸಚಿವಾಲಯ. ಅವನು ಕೊಂಡರೆ ಕೊಂಡ, ಇಲ್ಲದಿದ್ದರೆ ಇಲ್ಲ. ಹೊರದೇಶಕ್ಕೆ ಮಾರೋಣ ಅಂದರೂ "ನಿಮ್ಮ ಸೈನ್ಯವೇ ಕೊಂಡಿಲ್ಲ, ನಾವ್ಯಾಕೆ ಕೊಳ್ಳೋಣ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. ಎಲ್ ಅಂಡ್ ಟಿ ಕಂಪನಿ ದಕ್ಷಿಣ ಕೊರಿಯಾದ ಹಾನ್ವಾ ಜೊತೆ ಸೇರಿ ಗುಜರಾತಿನ ಹಜೀರಾದಲ್ಲಿ ಕೆ-9 ವಜ್ರ ಎಂಬ ಫಿರಂಗಿ ತಯಾರಿಸಿತು. ಟ್ಯಾಂಕಿನಂತೆ ತಾನೇ ಓಡಾಡುವ ಫಿರಂಗಿ ಅದು. 2017ರಲ್ಲಿ 100 ಫಿರಂಗಿಗೆ ಆರ್ಡರ್, ಸುಮಾರು 4,500 ಕೋಟಿಯದು. 2021ರ ಫೆಬ್ರುವರಿಯಲ್ಲಿ ನೂರನೆಯದು ಹೊರಬಿತ್ತು, ಅದೂ ಗಡುವಿಗೆ ಮೊದಲೇ. ನಮ್ಮ ರಕ್ಷಣಾ ಖರೀದಿಯಲ್ಲಿ "ಗಡುವಿಗೆ ಮೊದಲೇ" ಎಂಬ ಮಾತು ಎಷ್ಟು ಸಲ ಕೇಳಿದ್ದೀರಿ? ಚೀನಾ ಜೊತೆ ತಿಕ್ಕಾಟ ಆದಾಗ ಲಡಾಖ್‌ನ ಎತ್ತರಕ್ಕೂ ಆ ಫಿರಂಗಿ ಹೋಯಿತು, ಕೆಲಸ ಮಾಡಿತು. ಇನ್ನೇನು ಬೇಕು? ಮುಂದಿನ 100ಕ್ಕೆ ಸಹಿ ಬಿದ್ದದ್ದು 2024ರ ಡಿಸೆಂಬರ್‌ನಲ್ಲಿ, 7,628 ಕೋಟಿಗೆ.

ನಡುವೆ ಹತ್ತಿರ ಹತ್ತಿರ ನಾಲ್ಕು ವರ್ಷ. ನೀವು ಮೆಷಿನ್ ಇಟ್ಟವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾಲ್ಕು ವರ್ಷ ಆರ್ಡರ್ ಇಲ್ಲ ಅಂದರೆ ವೆಲ್ಡರ್ ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ. ಜಿಗ್ಗು, ಫಿಕ್ಸ್‌ಚರ್ ಮೂಲೆ ಸೇರುತ್ತವೆ. ಬಿಡಿಭಾಗ ಕೊಡುತ್ತಿದ್ದ ಸಣ್ಣ ಶಾಪ್‌ನವರು "ಆ ಲೈನ್ ನಿಂತು ಹೋಯ್ತು ಸಾರ್" ಎಂದು ಆಟೊಮೊಬೈಲ್ ಕಡೆ ಹೊರಳುತ್ತಾರೆ. ಎಲ್ ಅಂಡ್ ಟಿ ಅಷ್ಟು ದೊಡ್ಡದಾದ್ದರಿಂದ, ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಜೊತೆಗಿನ ಹಗುರ ಟ್ಯಾಂಕ್ ಜೊರಾವರ್‌ನಂಥ ಕೆಲಸವೂ ಅದೇ ಆವರಣಕ್ಕೆ ಬಂದದ್ದರಿಂದ ತಡೆದುಕೊಂಡಿತು. ಇದನ್ನೆಲ್ಲ ಹೊರಗೆ ನಿಂತು ನೋಡುತ್ತಿರುವ ವಿದೇಶಿ ಕಂಪನಿಯ ಲೆಕ್ಕಾಧಿಕಾರಿ ಏನು ಯೋಚಿಸುತ್ತಾನೆ? ಶೇ 74 ಕೊಟ್ಟರೂ ಅವನು ಪರ್ಸ್ ತೆಗೆಯುವುದಿಲ್ಲ.

ಇನ್ನೂ ಕೆಟ್ಟ ಉದಾಹರಣೆ ಯುದ್ಧವಿಮಾನದ್ದು. 126 ವಿಮಾನಕ್ಕೆ 2007ರಲ್ಲಿ ಟೆಂಡರ್ ಕರೆದರು. 2012ರ ಜನವರಿಯಲ್ಲಿ ಫ್ರಾನ್ಸ್‌ನ ರಫೇಲ್ ಆಯ್ಕೆಯಾಯಿತು. 18 ಸಿದ್ಧವಾಗಿ ಬರಬೇಕು, 108 ಎಚ್‌ಎಎಲ್‌ನಲ್ಲಿ ತಯಾರಾಗಬೇಕು. ಎಚ್‌ಎಎಲ್‌ನಲ್ಲಿ ತಯಾರಾದ ವಿಮಾನಕ್ಕೆ ಗ್ಯಾರಂಟಿ ಯಾರು ಕೊಡಬೇಕು ಎಂಬುದರಲ್ಲಿ ಮಾತುಕತೆ ಸಿಕ್ಕಿಹಾಕಿಕೊಂಡಿತು. 2015ರಲ್ಲಿ ಟೆಂಡರ್ರೇ ರದ್ದಾಯಿತು. ಬದಲಿಗೆ 36 ವಿಮಾನ ನೇರವಾಗಿ ಫ್ರಾನ್ಸ್‌ನಿಂದ ಬಂದವು. ಎಂಟು ವರ್ಷ ಓಡಾಡಿದ ಕಂಪನಿಗಳೆಲ್ಲ ಬ್ಯಾಗು ಎತ್ತಿಕೊಂಡು ಹೊರಟವು.

ಇದರ ಜೊತೆಗೆ ನಿಯಮಗಳ ನಡುವೆಯೇ ಒಂದು ಎಳೆದಾಟ ಇದೆ. ಇದನ್ನು ಪತ್ರಿಕೆಗಳಲ್ಲಿ ಅಷ್ಟಾಗಿ ಬರೆಯುವುದಿಲ್ಲ. ಹೂಡಿಕೆ ನಿಯಮ ಶೇ 74 ಎನ್ನುತ್ತದೆ. ಅದೇ 2020ರಲ್ಲಿ ಬಂದ ರಕ್ಷಣಾ ಖರೀದಿ ನಿಯಮಾವಳಿಯಲ್ಲಿ, ನಮ್ಮಲ್ಲೇ ವಿನ್ಯಾಸ ಮಾಡಿ ನಮ್ಮಲ್ಲೇ ತಯಾರಿಸಿದ ವಸ್ತುಗಳಿಗೆ ಮೊದಲ ಆದ್ಯತೆ. ಆ ವರ್ಗದಲ್ಲಿ ಟೆಂಡರ್ ಹಾಕಬೇಕೆಂದರೆ ಕಂಪನಿಯ ಒಡೆತನ, ಹಿಡಿತ ಎರಡೂ ಭಾರತೀಯರ ಕೈಲಿರಬೇಕು, ವಿದೇಶಿ ಪಾಲು ಶೇ 49 ಮೀರಬಾರದು. ಅಂದರೆ ಶೇ 74 ಹಾಕಿ ಬಂದವನಿಗೆ ಮನೆ ಒಳಗೆ ಬರಲು ಅವಕಾಶ ಇದೆ, ಊಟದ ಮೊದಲ ಪಂಕ್ತಿಯಲ್ಲಿ ಕೂರಲು ಇಲ್ಲ. ಹಾಗಿದ್ದ ಮೇಲೆ ಅವನು 49ಕ್ಕೇ ನಿಲ್ಲುತ್ತಾನೆ. ಅಥವಾ ಪಾಲೇ ಬೇಡ, ಭಾರತೀಯ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡರೆ ಸಾಕು ಎನ್ನುತ್ತಾನೆ. ಈಗ ಆಗುತ್ತಿರುವುದೂ ಜಾಸ್ತಿ ಅದೇ.

ಇದಕ್ಕೆ ಅಪವಾದವೂ ಇದೆ. ಸ್ವೀಡನ್ನಿನ ಸಾಬ್ ಕಂಪನಿ 2023ರಲ್ಲಿ ಪೂರ್ತಿ ಶೇ 100 ಒಡೆತನಕ್ಕೆ ಒಪ್ಪಿಗೆ ಪಡೆಯಿತು. ರಕ್ಷಣಾ ಉದ್ಯಮದಲ್ಲಿ ಅದೇ ಮೊದಲು. ಹರಿಯಾಣದ ಝಜ್ಜರ್‌ನಲ್ಲಿ ಭುಜದ ಮೇಲಿಟ್ಟು ಹಾರಿಸುವ ಕಾರ್ಲ್ ಗುಸ್ತಾಫ್ ಎಂ-4 ಎಂಬ ಆಯುಧ ತಯಾರಿಸಲು ಕಾರ್ಖಾನೆ. ಅವರಿಗೆ ಧೈರ್ಯ ಬಂದದ್ದು ಹೇಗೆ? ಕಾರ್ಲ್ ಗುಸ್ತಾಫ್ 1976ರಿಂದ ನಮ್ಮ ಸೇನೆಯಲ್ಲಿದೆ. ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿಗಳು, ಅಂದರೆ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳು, ಪರವಾನಗಿ ಪಡೆದು ಅದನ್ನು ದಶಕಗಳಿಂದ ಮಾಡಿವೆ. ಕೊಳ್ಳುವವನ ಪರಿಚಯ ಚೆನ್ನಾಗಿದೆ. ವಸ್ತು ಸಣ್ಣದು, ಹತ್ತಾರು ದೇಶದ ಸೈನ್ಯಗಳು ಬಳಸುತ್ತವೆ. ಇಲ್ಲಿ ಆರ್ಡರ್ ತಡವಾದರೆ ಬೇರೆ ಕಡೆ ಕಳಿಸಬಹುದು. ಹೂಡಿಕೆಯೂ ದೊಡ್ಡ ಯುದ್ಧವಿಮಾನದ ಕಾರ್ಖಾನೆಯಷ್ಟಲ್ಲ.

ಅಮೇಠಿ ಹತ್ತಿರದ ಕೊರ್ವಾದಲ್ಲಿರುವ ರೈಫಲ್ ಕಾರ್ಖಾನೆಯೂ ಹೀಗೇ. ಭಾರತದ ಪಾಲು ಶೇ 50.5, ಉಳಿದದ್ದು ರಷ್ಯಾದ್ದು. ಅಲ್ಲಿ ಪಾಲಿನ ಜೊತೆಗೇ ಆರ್ಡರ್ ಕೂಡ ಕೈಗೆ ಬಂತು: 2021ರ ಡಿಸೆಂಬರ್‌ನಲ್ಲಿ 6,01,427 ಎಕೆ-203 ರೈಫಲ್‌ಗೆ ಸಹಿ. ಬ್ರಹ್ಮೋಸ್ ಕ್ಷಿಪಣಿ ಕಂಪನಿಯಲ್ಲೂ ಪಾಲಿನ ಲೆಕ್ಕ ಇದೇ, 50.5 ಮತ್ತು 49.5. 1998ರಲ್ಲಿ ಎರಡು ಸರ್ಕಾರಗಳು ಸೇರಿ ಮಾಡಿದ್ದು. ಮೂರೂ ಸೇನೆಗಳು ಕೊಂಡವು, 2022ರಲ್ಲಿ ಫಿಲಿಪ್ಪೀನ್ಸ್ ಕೂಡ ಸುಮಾರು 375 ಮಿಲಿಯನ್ ಡಾಲರ್‌ಗೆ ಕೊಂಡಿತು. ಪಾಲು 49 ಆಗಿದ್ದರಿಂದ ಬ್ರಹ್ಮೋಸ್ ಸೊರಗಲಿಲ್ಲ ಅಲ್ವಾ?

ಆದ್ದರಿಂದ ನೀವು ಹೂಡಿಕೆಯ ಅಂಕಿ ನೋಡಿ ಏನೂ ಆಗಿಲ್ಲ ಅಂದುಕೊಳ್ಳಬೇಡಿ. ಕೆಲಸ ಬಂದಿದೆ, ಬೇರೆ ದಾರಿಯಲ್ಲಿ. ಮೇಲೆ ಹೇಳಿದ ಸಿ-295ರಲ್ಲಿ 16 ವಿಮಾನ ಸ್ಪೇನ್‌ನಿಂದ ಬಂದವು, 40 ವಿಮಾನವನ್ನು ಟಾಟಾದವರು ವಡೋದರಾದಲ್ಲಿ ಜೋಡಿಸಬೇಕು. ಹೈದರಾಬಾದಿನಲ್ಲಿ ಬೋಯಿಂಗ್ ಜೊತೆಗಿನ ಟಾಟಾ ಘಟಕ ಅಪಾಚೆ ಹೆಲಿಕಾಪ್ಟರ್‌ನ ಒಡಲು ಮಾಡುತ್ತದೆ. ನಮ್ಮ ಬೆಳಗಾವಿಯಲ್ಲಿ ಏಕಸ್, ಬೆಂಗಳೂರಿನಲ್ಲಿ ಡೈನಾಮ್ಯಾಟಿಕ್ ವಿಮಾನದ ಭಾಗಗಳನ್ನು ಹೊರದೇಶಕ್ಕೆ ಕಳಿಸುತ್ತವೆ. 2013-14ರಲ್ಲಿ 686 ಕೋಟಿ ಇದ್ದ ರಕ್ಷಣಾ ರಫ್ತು 2024-25ರಲ್ಲಿ 23,622 ಕೋಟಿ ಆಯಿತು. ಅದರಲ್ಲಿ 15,233 ಕೋಟಿ ಖಾಸಗಿಯವರದು. ಇದರಲ್ಲಿ ದೊಡ್ಡ ಪಾಲು ಇಂಥ ಬಿಡಿಭಾಗಗಳದ್ದೇ, ಪೂರ್ತಿ ಶಸ್ತ್ರಾಸ್ತ್ರದ್ದಲ್ಲ. ಅದನ್ನು ಕೀಳಾಗಿ ನೋಡಬೇಕಿಲ್ಲ, ಆದರೆ ಗೊತ್ತಿರಲಿ.

ಈಗ ತಂತ್ರಜ್ಞಾನದ ಮಾತು. ವಿದೇಶಿಯವರು ಬಂದರೆ ಜ್ಞಾನವೂ ತಾನೇ ಬರುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದರ ಬಗ್ಗೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯೊಂದರಲ್ಲಿ ಪರವಾನಗಿ ಪಡೆದು ಒಂದು ಗೇರ್ ಶಾಫ್ಟ್ ಮಾಡುತ್ತಿದ್ದೆವು. ಡ್ರಾಯಿಂಗ್ ಬಂದಿತ್ತು. ಪ್ರೊಸೆಸ್ ಶೀಟ್ ಬಂದಿತ್ತು. ಯಾವ ಉಕ್ಕು, ಎಷ್ಟು ಡಿಗ್ರಿಗೆ ಕಾಯಿಸಬೇಕು, ಎಷ್ಟು ಹೊತ್ತು ಇಡಬೇಕು, ಯಾವ ಎಣ್ಣೆಯಲ್ಲಿ ಅದ್ದಬೇಕು, ಎಲ್ಲ ಬರೆದಿತ್ತು. ನಾವೂ ಹಾಗೇ ಮಾಡಿದೆವು, ಪೀಸು ಪಾಸಾಗುತ್ತಿತ್ತು. ಒಂದು ದಿನ ಆ ಉಕ್ಕು ಕೊಡುತ್ತಿದ್ದ ವಿದೇಶದ ಗಿರಣಿ ಮುಚ್ಚಿತು. ಹೆಚ್ಚುಕಡಿಮೆ ಅದೇ ಗುಣದ ಉಕ್ಕು ನಮ್ಮಲ್ಲೇ ಸಿಗುತ್ತಿತ್ತು. ಬದಲಾಯಿಸಬಹುದೇ? ನಮಗೆ ಗೊತ್ತಿಲ್ಲ. ಯಾಕೆಂದರೆ ಮೂಲದಲ್ಲಿ ಅದೇ ಉಕ್ಕನ್ನು ಯಾಕೆ ಆರಿಸಿದರು ಅನ್ನುವುದು ಯಾವ ಹಾಳೆಯಲ್ಲೂ ಇರಲಿಲ್ಲ. ಬಳುಕುವ ಭಾರಕ್ಕಾಗಿಯೋ, ಪದೇ ಪದೇ ಭಾರ ಬಿದ್ದು ಲೋಹ ದಣಿಯದಿರಲಿ ಎಂದೋ, ಅಥವಾ ಆಗ ಅವರ ಗೋದಾಮಿನಲ್ಲಿ ಅದೇ ಇತ್ತು ಅಂತಲೋ! ಪತ್ರ ಬರೆದೆವು. "ಈ ಮಾಹಿತಿ ಒಪ್ಪಂದದ ವ್ಯಾಪ್ತಿಯಲ್ಲಿಲ್ಲ" ಎಂದು ಒಂದು ಸಾಲಿನ ಉತ್ತರ ಬರಲು ತಿಂಗಳುಗಟ್ಟಲೆ ಕಾದೆವು. ಬದಲಿ ಉಕ್ಕಿಗೆ ಅನುಮತಿ ಬೇಕಿದ್ದರೆ ಬೇರೆ ಫೀಸು. ಅಷ್ಟು ದಿನ ಶಾಪ್ ಖಾಲಿ.

ಹೇಗೆ ಮಾಡಬೇಕು ಎಂಬುದನ್ನು ಮಾರುತ್ತಾರೆ. ಯಾಕೆ ಹಾಗೆ ಮಾಡಬೇಕು ಎಂಬುದನ್ನು ಮಾರುವುದಿಲ್ಲ. ಅದು ಅವರ ಹೊಟ್ಟೆಪಾಡು. ಶೇ 74 ಪಾಲು ಅವರದೇ ಆದಾಗ ಇಲ್ಲಿಯ ಘಟಕಕ್ಕೆ ಡ್ರಾಯಿಂಗ್ ಸಲೀಸಾಗಿ ಕೊಡುತ್ತಾರೆ ನಿಜ, ಕದ್ದು ಹೋಗುವ ಭಯ ಕಡಿಮೆ. ಆದರೆ ಆಗ ಜ್ಞಾನ ಇರುವುದು ಅವರ ಕಂಪನಿಯೊಳಗೇ. ಫ್ಯಾಕ್ಟರಿ ನಮ್ಮ ನೆಲದಲ್ಲಿದೆ ಅಷ್ಟೇ.

ಡ್ರಾಯಿಂಗ್ ಕೈಲಿದ್ದೂ ಸುಮ್ನೆ ಕೂತ ಕಥೆಯೂ ನಮ್ಮದೇ. 1986ರ ಬೋಫೋರ್ಸ್ ಒಪ್ಪಂದದಲ್ಲಿ ಫಿರಂಗಿಯ ಜೊತೆ ಅದನ್ನು ಇಲ್ಲೇ ಮಾಡುವ ತಂತ್ರಜ್ಞಾನವೂ ಇತ್ತು. ಮರುವರ್ಷ ಹಗರಣ ಸಿಡಿಯಿತು, ರಾಜಕೀಯ ಎದ್ದಿತು. ಬಂದಿದ್ದ ದಾಖಲೆಗಳು ಕಪಾಟಿನಲ್ಲೇ ಉಳಿದವು. ಅವನ್ನು ಆಧಾರ ಮಾಡಿಕೊಂಡು ಜಬಲ್ಪುರದಲ್ಲಿ ಬೆಳೆಸಿದ ಧನುಷ್ ಫಿರಂಗಿಯ ಮೊದಲ ಆರು ಸೇನೆಗೆ ಹೋದದ್ದು 2019ರ ಏಪ್ರಿಲ್‌ನಲ್ಲಿ. ಮೂವತ್ತಮೂರು ವರ್ಷ! ಇದಕ್ಕೆ ಯಾವ ವಿದೇಶಿಯನನ್ನು ಬೈಯೋಣ?

ಆಫ್‌ಸೆಟ್ ಎಂಬ ಇನ್ನೊಂದು ಪ್ರಯೋಗವೂ ನಡೆಯಿತು. 2005ರಿಂದ ಬಂದ ನಿಯಮ ಇದು. ದೊಡ್ಡ ಆರ್ಡರ್ ಪಡೆದ ವಿದೇಶಿ ಕಂಪನಿ ಆ ಮೊತ್ತದ ಶೇ 30ರಷ್ಟನ್ನು ಇಲ್ಲಿಯ ಉದ್ಯಮದಲ್ಲಿ ತೊಡಗಿಸಬೇಕು. ಕಾಗದದ ಮೇಲೆ ಚೆನ್ನಾಗಿದೆ. 2020ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಇದರ ಲೆಕ್ಕ ಬಿಚ್ಚಿಟ್ಟಿತು. 2018ರ ಡಿಸೆಂಬರ್ ಹೊತ್ತಿಗೆ 19,223 ಕೋಟಿಯಷ್ಟು ಆಗಿರಬೇಕಿತ್ತು. ಆಗಿದೆ ಎಂದು ಕಂಪನಿಗಳು ಹೇಳಿಕೊಂಡದ್ದು 11,396 ಕೋಟಿ. ಸಚಿವಾಲಯ ಒಪ್ಪಿಕೊಂಡದ್ದು 5,457 ಕೋಟಿ ಮಾತ್ರ. ಅದರಲ್ಲೂ ಬಹುಪಾಲು ಇಲ್ಲಿಂದ ಸರಕು, ಸೇವೆ ಕೊಂಡದ್ದು. ನೇರ ಹೂಡಿಕೆಯಾಗಿ ಬಂದದ್ದು ತೀರಾ ಚಿಕ್ಕ ಪಾಲು. ಆರ್ಡರ್ ಸಿಗುವವರೆಗೆ ತಲೆ ಆಡಿಸುವುದು, ಸಿಕ್ಕ ಮೇಲೆ ಮರೆಯುವುದು. ನಮ್ಮ ಕಡೆಯಿಂದ ಬೆನ್ನು ಹತ್ತಿ ಕೇಳುವವರೂ ಇರಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ, ಕೀಲಿಕೈಯದ್ದು. ಈ ಭಯ ಸುಳ್ಳಲ್ಲ. ಆದರೆ ಭಯ ಪಡಬೇಕಾದ ಜಾಗ ಬೇರೆ ಇದೆ ಅನಿಸುತ್ತದೆ ನನಗೆ. ನಮ್ಮ ನೆಲದಲ್ಲಿ ಇರುವ ಫ್ಯಾಕ್ಟರಿಯ ಒಡೆತನ ಯಾರದ್ದೇ ಇರಲಿ, ಯುದ್ಧದ ಹೊತ್ತಿಗೆ ಸರ್ಕಾರ ಅದನ್ನು ಹತೋಟಿಗೆ ತೆಗೆದುಕೊಳ್ಳಬಹುದು. 1942ರಲ್ಲಿ ಬೆಂಗಳೂರಿನಲ್ಲಿ ಅದೇ ಆಯಿತಲ್ಲ. ಹೂಡಿಕೆ ನಿಯಮದಲ್ಲೇ ರಾಷ್ಟ್ರೀಯ ಭದ್ರತೆಯ ದೃಷ್ಟಿಯಿಂದ ಯಾವ ಹೂಡಿಕೆಯನ್ನಾದರೂ ಪರಿಶೀಲಿಸುವ ಅಧಿಕಾರ ಸರ್ಕಾರಕ್ಕಿದೆ. ನೆರೆಯ ಗಡಿ ದೇಶಗಳಿಂದ ಬರುವ ಹೂಡಿಕೆಗೆ 2020ರ ಏಪ್ರಿಲ್‌ನಿಂದ ಬೇರೆ ಬಿಗಿ ಬಂತು, ಸರ್ಕಾರದ ಒಪ್ಪಿಗೆ ಇಲ್ಲದೆ ಹೆಜ್ಜೆ ಇಡುವಂತಿಲ್ಲ.

ಕುತ್ತು ಬರುವುದು ನಾವು ಕೊಂಡು ತರುವ ವಸ್ತುವಿನ ಹೊಟ್ಟೆಯೊಳಗಿಂದ. ತೇಜಸ್ ಯುದ್ಧವಿಮಾನ ನೋಡಿ. ವಿಮಾನ ನಮ್ಮದು, ವಿನ್ಯಾಸ ನಮ್ಮದು, ತಯಾರಿಸುವ ಎಚ್‌ಎಎಲ್ ನಮ್ಮದು. ವಿದೇಶಿ ಪಾಲಿನ ಮಾತೇ ಇಲ್ಲ. ಆದರೆ ಎಂಜಿನ್ ಅಮೆರಿಕದ ಜಿಇ ಕಂಪನಿಯದು. 2021ರಲ್ಲಿ 83 ಮಾರ್ಕ್-1ಎ ವಿಮಾನಕ್ಕೆ ವಾಯುಪಡೆ ಆರ್ಡರ್ ಕೊಟ್ಟಿತು, ಅದೇ ವರ್ಷ 99 ಎಂಜಿನ್‌ಗೆ ಎಚ್‌ಎಎಲ್ ಆರ್ಡರ್ ಕೊಟ್ಟಿತು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ, ಹತ್ತಿರ ಎರಡು ವರ್ಷ ತಡವಾಗಿ. ಅದಕ್ಕೂ ಹಿಂದೆ, 1998ರ ಪೋಖ್ರಾನ್ ಅಣುಪರೀಕ್ಷೆ ಆದ ಮೇಲೆ ಅಮೆರಿಕ ನಿರ್ಬಂಧ ಹೇರಿತು. ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರ್‌ಗಳನ್ನು ವಾಪಸ್ ಕಳಿಸಿದರು. ನಮ್ಮವರು ಇಲ್ಲಿ ಕೂತು ಕೆಲಸ ಮುಗಿಸಿದರು, 2001ರ ಜನವರಿ 4ರಂದು ವಿಮಾನ ಹಾರಿತು. ಎಂಜಿನ್ ಮಾತ್ರ ಆಗಲಿಲ್ಲ. 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ ಯೋಜನೆಯನ್ನು 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಿದರು. ಸಾವಿರ ಡಿಗ್ರಿ ಮೀರಿದ ಗಾಳಿಯಲ್ಲಿ ಗಿರಗಿರ ತಿರುಗುವ ಟರ್ಬೈನ್ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ಯುವ ವಿದ್ಯೆ ಬೆರಳೆಣಿಕೆಯ ದೇಶಗಳಲ್ಲಿದೆ. ಯಾರೂ ಪೂರ್ತಿ ಹೇಳಿಕೊಡುವುದಿಲ್ಲ.

ಟರ್ಕಿಯಿಂದ ಕಲಿಯುವುದು ಜಾಸ್ತಿ ಇದೆ, ನಮ್ಮ ಅವರ ರಾಜಕೀಯ ಏನೇ ಇರಲಿ. 1974ರಲ್ಲಿ ಸೈಪ್ರಸ್‌ಗೆ ಸೈನ್ಯ ನುಗ್ಗಿಸಿದ್ದಕ್ಕೆ ಅಮೆರಿಕ ಅವರಿಗೆ ಶಸ್ತ್ರ ಕೊಡುವುದನ್ನು ನಿಲ್ಲಿಸಿತು. ಆ ಪೆಟ್ಟಿನ ನೆನಪು ಅವರಿಗೆ ಹೋಗಲಿಲ್ಲ. 1984ರಲ್ಲಿ ಅಮೆರಿಕದ ಕಂಪನಿಗಳಿಗೇ ಪಾಲು ಕೊಟ್ಟು ಎಫ್-16 ಜೋಡಿಸುವ ಕಂಪನಿ ಕಟ್ಟಿದರು. ನೂರಾರು ವಿಮಾನ ಮಾಡಿದರು. ಎರಡು ದಶಕ ಜನರನ್ನು ತಯಾರು ಮಾಡಿಕೊಂಡು, 2005ರಲ್ಲಿ ವಿದೇಶಿಯರ ಪಾಲನ್ನು ಕೊಂಡುಕೊಂಡರು. ಅಂದರೆ ವಿದೇಶಿ ಪಾಲನ್ನು ಏಣಿಯ ಹಾಗೆ ಬಳಸಿದರು. ಆದರೂ ಪೂರ್ತಿ ಬಿಡುಗಡೆ ಸಿಗಲಿಲ್ಲ. 2018ರಲ್ಲಿ ಪಾಕಿಸ್ತಾನಕ್ಕೆ 30 ಟಿ-129 ಹೆಲಿಕಾಪ್ಟರ್ ಮಾರುವ ಒಪ್ಪಂದ ಮಾಡಿಕೊಂಡರು. ಹೆಲಿಕಾಪ್ಟರ್ ಅವರೇ ಮಾಡಿದ್ದು, ಎಂಜಿನ್‌ನಲ್ಲಿ ಅಮೆರಿಕದ ಪಾಲಿತ್ತು. ಅಮೆರಿಕ ರಫ್ತಿಗೆ ಅನುಮತಿ ಕೊಡಲಿಲ್ಲ. ವ್ಯಾಪಾರ ಮುರಿದುಬಿತ್ತು. ಕೀಲಿಕೈ ಎಲ್ಲಿತ್ತು ಗೊತ್ತಾಯಿತಲ್ಲ?

ಬ್ರೆಜಿಲ್ ಇನ್ನೊಂದು ದಾರಿ ಹಿಡಿಯಿತು. ಎಂಬ್ರೇರ್ ಕಂಪನಿಯನ್ನು 1969ರಲ್ಲಿ ಸರ್ಕಾರವೇ ಕಟ್ಟಿ, 1994ರಲ್ಲಿ ಖಾಸಗಿಗೆ ಮಾರಿತು. ಆದರೆ ಒಂದು ವಿಶೇಷ ಷೇರು ಇಟ್ಟುಕೊಂಡಿತು. ಸೇನೆಗೆ ಸಂಬಂಧಿಸಿದ ಕೆಲವು ತೀರ್ಮಾನಗಳನ್ನು ಆ ಒಂದು ಷೇರಿನಿಂದಲೇ ತಡೆಯಬಹುದು. ಶೇಕಡಾವಾರು ಜಗಳಕ್ಕಿಂತ ಇದು ಚೊಕ್ಕ ಉಪಾಯ. ನಮ್ಮಲ್ಲಿ ಇದರ ಚರ್ಚೆ ಯಾಕೆ ಜಾಸ್ತಿ ಆಗುವುದಿಲ್ಲವೋ.

ನನ್ನನ್ನು ಕೇಳಿದರೆ, ಮೊದಲ ಪಂಕ್ತಿಗೆ ಶೇ 49ರ ಮಿತಿ ಇರಲಿ. ವಿನ್ಯಾಸ ನಮ್ಮದಾಗಿರಬೇಕು ಎಂಬ ಆಸೆ ಇದ್ದರೆ ಆ ಬೇಲಿ ಬೇಕು. ಆದರೆ ಬೇಲಿ ಇಟ್ಟುಕೊಂಡು "ಹೂಡಿಕೆ ಹರಿದು ಬರಲಿದೆ" ಎಂದು ಭಾಷಣ ಮಾಡುವುದನ್ನು ಬಿಡಬೇಕು. ಅದರ ಬದಲು ಆರ್ಡರ್ ಕೊಡುವ ರೀತಿ ಬದಲಾಗಬೇಕು. ನೂರು ಫಿರಂಗಿ, ನಾಲ್ಕು ವರ್ಷ ಮೌನ, ಮತ್ತೆ ನೂರು ಅಂತಲ್ಲ. ವರ್ಷಕ್ಕೆ 25ರಂತೆ ಹತ್ತು ವರ್ಷ ಎಂದು ಒಮ್ಮೆಗೇ ಹೇಳಿ. ಆಗ ಲೈನ್ ನಿಲ್ಲುವುದಿಲ್ಲ, ವೆಲ್ಡರ್ ಓಡಿಹೋಗುವುದಿಲ್ಲ, ಪಾಲು ಎಷ್ಟೇ ಇರಲಿ ದುಡ್ಡು ಹಾಕುವವರು ಬರುತ್ತಾರೆ. 2025-26ರ ಬಜೆಟ್‌ನಲ್ಲಿ ಸೇನೆಯ ಹೊಸ ಖರೀದಿಯ ಹಣದಲ್ಲಿ ಶೇ 75ನ್ನು, ಅಂದರೆ ಸುಮಾರು 1.12 ಲಕ್ಷ ಕೋಟಿಯನ್ನು, ದೇಶದೊಳಗಿನ ಖರೀದಿಗೆ ಮೀಸಲಿಟ್ಟಿದ್ದಾರೆ. ಒಳ್ಳೆಯದೇ. ಆದರೆ ಬಜೆಟ್ ವರ್ಷಕ್ಕೊಮ್ಮೆ ಬರುತ್ತದೆ, ಕಾರ್ಖಾನೆಯ ಸಾಲದ ಕಂತು ಹತ್ತು ವರ್ಷ ಇರುತ್ತದೆ.

ಸರ್ಕಾರಿ ಕಾರ್ಖಾನೆಗಳ ಸುಧಾರಣೆ ಬಗ್ಗೆ ನೀವು ಕೇಳಲಿಲ್ಲ, ಒಂದೆರಡು ಮಾತು ಹೇಳಿ ಬಿಡುತ್ತೇನೆ. 2021ರ ಅಕ್ಟೋಬರ್ 1ರಂದು 41 ಆರ್ಡ್‌ನೆನ್ಸ್ ಫ್ಯಾಕ್ಟರಿಗಳನ್ನು ಏಳು ಕಂಪನಿಗಳಾಗಿ ಒಡೆದರು. ಲೆಕ್ಕಪತ್ರ ಈಗ ಕಂಪನಿಯಂತೆ ಇಡಬೇಕು, ಲಾಭ ನಷ್ಟ ಕಾಣುತ್ತದೆ. ಆದರೆ 2024-25ರಲ್ಲಿ ದೇಶದ ರಕ್ಷಣಾ ಉತ್ಪಾದನೆಯಲ್ಲಿ ಖಾಸಗಿ ಪಾಲು ಇನ್ನೂ ಶೇ 23ರ ಆಸುಪಾಸು. ಕೊಳ್ಳುವವನೂ ಸರ್ಕಾರ, ಮಾರುವವರಲ್ಲಿ ದೊಡ್ಡವನೂ ಸರ್ಕಾರ. ಅಂಥ ಮಾರುಕಟ್ಟೆಯಲ್ಲಿ ಹೊರಗಿನವನಿಗೆ ಸ್ವಲ್ಪ ಅನುಮಾನ ಬಂದರೆ ತಪ್ಪಲ್ಲ.

ಕೊನೆಗೆ ನಿಮ್ಮ ಮೆಷಿನ್ ವಿಷಯ. ವಿದೇಶಿ ಹೂಡಿಕೆ ಬಂದರೂ ಬಿಟ್ಟರೂ ನಿಮ್ಮ ಹತ್ತಿರ ನೇರವಾಗಿ ಯಾವ ವಿದೇಶಿ ಕಂಪನಿಯೂ ಬರುವುದಿಲ್ಲ. ಬರುವುದು ಅವರಿಗೆ ಭಾಗ ಕೊಡುವ ಮಧ್ಯದ ಕಂಪನಿ. ಅವರು ಮೊದಲು ಕೇಳುವುದು ಎಎಸ್ 9100 ಎಂಬ, ವಿಮಾನ ಉದ್ಯಮದ ಗುಣಮಟ್ಟದ ಸರ್ಟಿಫಿಕೇಟ್. ಅದು ಮೆಷಿನ್‌ಗಿಂತ ಮೊದಲು ಬೇಕು. ಅದಕ್ಕೆ ಹಣಕ್ಕಿಂತ ಶಿಸ್ತು ಜಾಸ್ತಿ ಬೇಕು. ಪ್ರತಿ ರಾಡ್‌ನ ಹೀಟ್ ನಂಬರ್, ಅಂದರೆ ಅದು ಯಾವ ಎರಕದ ಲೋಹ ಎಂದು ತೋರಿಸುವ ಸಂಖ್ಯೆ, ಪುಸ್ತಕದಲ್ಲಿರಬೇಕು. ಐದು ವರ್ಷದ ನಂತರ ಯಾರೋ ಬಂದು "ಈ ಪೀಸಿನ ಲೋಹ ಯಾವ ಗಿರಣಿಯಿಂದ ಬಂತು, ಯಾರು ಅಳತೆ ನೋಡಿದರು, ಆ ಮೈಕ್ರೊಮೀಟರ್ ಯಾವಾಗ ಕ್ಯಾಲಿಬ್ರೇಟ್ ಆಗಿತ್ತು?" ಎಂದು ಕೇಳಿದರೆ ಹತ್ತು ನಿಮಿಷದಲ್ಲಿ ಹಾಳೆ ತೋರಿಸಬೇಕು. ಸಣ್ಣ ಶಾಪ್‌ಗಳು ಹೆಚ್ಚಾಗಿ ಬೀಳುವುದು ಇಲ್ಲೇ. ಅಳತೆಯಲ್ಲಿ ಬೀಳುವವರು ಕಡಿಮೆ.

ಮೊದಲ ಪೀಸಿನ ತಪಾಸಣೆಗೇ ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಆರ್ಡರ್ ಬಂದರೂ ಮೊದಲು ಹತ್ತು ಪೀಸು, ಆಮೇಲೆ ಐವತ್ತು. ಆಟೊಮೊಬೈಲ್‌ನಂತೆ ದಿನಕ್ಕೆ ಸಾವಿರ ಅಲ್ಲ. ಟೈಟಾನಿಯಂ ಕೆಲಸ ಆದರೆ ತಂದ ಲೋಹದ ಬಹುಭಾಗ ಚೂರಾಗಿ ನೆಲಕ್ಕೆ ಬೀಳುತ್ತದೆ, ಒಂದು ಪೀಸು ಕೆಟ್ಟರೆ ತಿಂಗಳ ಲಾಭ ಹೋಯಿತು. ಲೋಹ ಅವರು ಕೊಡುತ್ತಾರೋ, ನೀವು ತರಬೇಕೋ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಮಾಡಿಕೊಳ್ಳಿ.

ಐದು ಆಕ್ಸಿಸ್ ಮೆಷಿನ್ ಈಗಲೇ ಬೇಡ. ಇರುವ ಮೂರರಲ್ಲಿ ಒಂದನ್ನು ಒಂದು ವರ್ಷ ಈ ಕೆಲಸಕ್ಕೆಂದೇ ಬಿಡಿ. ಸರ್ಟಿಫಿಕೇಟ್ ಮಾಡಿಸಿ. ಸರ್ಕಾರಿ ರಕ್ಷಣಾ ಕಂಪನಿಗಳು ಆಮದು ಮಾಡುತ್ತಿರುವ ಬಿಡಿಭಾಗಗಳ ಪಟ್ಟಿ ಸೃಜನ್ ಪೋರ್ಟಲ್‌ನಲ್ಲಿ 2020ರಿಂದ ಇದೆ. ಅಲ್ಲಿ ನಿಮ್ಮ ಕೈಗೆಟುಕುವ ಎರಡು ವಸ್ತು ಆರಿಸಿಕೊಳ್ಳಿ. ಮೆಷಿನ್ ಮಾರುವವನು "ಏರೋಸ್ಪೇಸ್ ಬೂಮ್ ಬರ್ತಿದೆ ಸಾರ್" ಎಂದು ಬಂದಾಗ ಚಹಾ ಕೊಟ್ಟು ಕಳಿಸಿ. ಭಾಗ ಕೊಳ್ಳುವ ಕಂಪನಿಯವರು ಮೂರು ವರ್ಷದ ಆರ್ಡರ್ ಕಾಗದದಲ್ಲಿ ಕೊಟ್ಟ ದಿನ ಬ್ಯಾಂಕಿಗೆ ಹೋಗಿ.